ಮೇಷ್ಟ್ರ ಶರ್ಟಿನೊಳಗೆ ಗೋಪುರ: ಫೋಟೊ ಮಾಸ್ಕ್ ಕೈಕೊಟ್ಟಾಗ ಸರಿಮಾಡುವುದು ಹೇಗೆ?

ಒಬ್ಬ ಮೇಷ್ಟ್ರ ನಿವೃತ್ತಿ ಸಮಾರಂಭಕ್ಕೆ ಹತ್ತು ಅಡಿಯ ಫ್ಲೆಕ್ಸ್ ಮಾಡಿಕೊಟ್ಟಿದ್ದೆ. ಹಿಂದೆ ಊರ ದೇವಸ್ಥಾನದ ಗೋಪುರ, ಮುಂದೆ ಬಿಳಿ ಶರ್ಟು ಹಾಕಿ ಕೈಕಟ್ಟಿ ನಿಂತ ಮೇಷ್ಟ್ರು. ಕಂಪ್ಯೂಟರಿನಲ್ಲಿ ನೋಡಿದಾಗ ಎಲ್ಲ ಸರಿಯಾಗಿಯೇ ಇತ್ತು. ಕಂಬಕ್ಕೆ ಕಟ್ಟಿ ಮೇಲೆತ್ತಿದಾಗ ಕೆಳಗೆ ನಿಂತಿದ್ದ ಹುಡುಗನೊಬ್ಬ ಕೇಳಿದ, "ಅಣ್ಣಾ, ಮೇಷ್ಟ್ರ ಹೊಟ್ಟೆ ಒಳಗೆ ಗೋಪುರ ಕಾಣ್ತಿದೆಯಲ್ಲಾ?" ಹತ್ತಿರ ಹೋಗಿ ನೋಡಿದರೆ ಹೌದು. ಶರ್ಟಿನ ಎರಡನೇ ಗುಂಡಿಯ ಹತ್ತಿರ ಕಳಶ, ಅದರ ಕೆಳಗೆ ಗೋಪುರದ ಗೆರೆಗಳು, ತೆಳ್ಳಗೆ, ನೀರಿನಲ್ಲಿ ಕಂಡ ಹಾಗೆ.

ತಪ್ಪು ನನ್ನದೇ. ಫೋಟೊಶಾಪ್‌ನಲ್ಲಿ ಫೋಟೊದಲ್ಲಿನ ವ್ಯಕ್ತಿಯನ್ನು ತಾನಾಗಿ ಗುರುತಿಸುವ 'ಸೆಲೆಕ್ಟ್ ಸಬ್ಜೆಕ್ಟ್' ಒತ್ತಿ, ಬಂದ ಸೆಲೆಕ್ಷನ್ನಿಗೆ ಮಾಸ್ಕ್ (ಬೇಡದ ಭಾಗವನ್ನು ಅಳಿಸದೆ ಮುಚ್ಚಿಡುವ ಪರದೆ) ಹಾಕಿ, ಅಂಚು ಮಾತ್ರ ನೋಡಿ ಮುಗಿಸಿದ್ದೆ. ಮೂಲ ಫೋಟೊದಲ್ಲಿ ಬಿಳಿ ಗೋಡೆಯ ಮುಂದೆ ಬಿಳಿ ಶರ್ಟು. ಯಾವುದು ಗೋಡೆ, ಯಾವುದು ಶರ್ಟು ಅಂತ ಸಾಫ್ಟ್‌ವೇರಿಗೆ ಅನುಮಾನ ಬಂದಿದೆ. ಅನುಮಾನ ಬಂದ ಕಡೆಯೆಲ್ಲ ಅದು ಮಾಸ್ಕನ್ನು ಸ್ವಲ್ಪ ಬೂದಿ ಬಣ್ಣಕ್ಕೆ ಬಿಟ್ಟಿದೆ.

ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮಾಸ್ಕ್ ಕೆಟ್ಟರೆ ಮೊದಲಿಂದ ಕಟಿಂಗ್ ಮಾಡಲು ಹೋಗುವುದಿಲ್ಲ. ಮಾಸ್ಕನ್ನೇ ಒಂದು ಫೋಟೊ ಅಂತ ತೆರೆದು, ಅದನ್ನೇ ರಿಪೇರಿ ಮಾಡುತ್ತೇನೆ. ಯಾಕೆಂದರೆ ಅದು ನಿಜವಾಗಿಯೂ ಒಂದು ಕಪ್ಪು-ಬಿಳುಪು ಫೋಟೊ. ಬಿಳಿ ಇರುವ ಕಡೆ ಚಿತ್ರ ಕಾಣುತ್ತದೆ, ಕಪ್ಪು ಇರುವ ಕಡೆ ಮುಚ್ಚಿಹೋಗುತ್ತದೆ, ನಡುವಿನ ಬೂದಿಯಲ್ಲಿ ಅರೆಬರೆ. ಕಪ್ಪು ಅಂದರೆ 0, ಬಿಳಿ ಅಂದರೆ 255. ಮೇಷ್ಟ್ರ ಶರ್ಟು ಮಾಸ್ಕಿನಲ್ಲಿ 225ರ ಆಸುಪಾಸು ಇತ್ತು. ಲೆಕ್ಕ ಹಾಕಿ ನೋಡಿ, ಶೇ 88 ಶರ್ಟು, ಶೇ 12 ಗೋಪುರ.

ಕಂಪ್ಯೂಟರಿನಲ್ಲಿ ಯಾಕೆ ಕಾಣಲಿಲ್ಲ? ಹತ್ತು ಅಡಿ ಅಂದರೆ 120 ಇಂಚು. ಇಂಚಿಗೆ 72 ಪಿಕ್ಸೆಲ್ ಇಟ್ಟರೂ 8640 ಪಿಕ್ಸೆಲ್ ಅಗಲ. ನನ್ನ ಮಾನಿಟರ್ 1920ರದ್ದು. ಪೂರ್ತಿ ಫ್ಲೆಕ್ಸ್ ಅದರಲ್ಲಿ ಕೂರಬೇಕಾದರೆ ಕಾಲು ಭಾಗಕ್ಕಿಂತ ಚಿಕ್ಕದಾಗಬೇಕು. ಅಷ್ಟು ಚಿಕ್ಕದರಲ್ಲಿ ಕಳಶ ಎಲ್ಲಿ ಕಾಣುತ್ತೆ? ಹಾಗಾಗಿ ಕಂಟ್ರೋಲ್ ಒತ್ತಿ 1 ಒತ್ತಿ, ಚಿತ್ರ ಶೇ 100ಕ್ಕೆ ಬರಲಿ, ಆಮೇಲೆ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ನೋಡಿಕೊಂಡು ಬನ್ನಿ. ಬೇಜಾರಿನ ಕೆಲಸ, ಆದರೂ ಮಾಡಿ.

ಮೊದಲು ಮಾಸ್ಕನ್ನು ತೆರೆದು ನೋಡಿ

ಲೇಯರ್ (ಒಂದರ ಮೇಲೊಂದು ಕೂರುವ ಚಿತ್ರದ ಪದರ) ಪ್ಯಾನೆಲ್‌ನಲ್ಲಿ ಫೋಟೊದ ಪಕ್ಕ ಮಾಸ್ಕಿನ ಪುಟ್ಟ ಚಿತ್ರ ಇರುತ್ತದಲ್ಲ, ಆಲ್ಟ್ ಒತ್ತಿ ಹಿಡಿದು ಅದರ ಮೇಲೆ ಕ್ಲಿಕ್ ಮಾಡಿ (ಮ್ಯಾಕ್‌ನಲ್ಲಿ ಆಪ್ಷನ್ ಕೀ). ಪರದೆ ತುಂಬ ಮಾಸ್ಕ್ ಬರುತ್ತದೆ. ಹೊಟ್ಟೆಯೊಳಗಿನ ಬೂದಿ, ಹಿನ್ನೆಲೆಯಲ್ಲಿ ಉಳಿದ ಚುಕ್ಕೆ, ಕಿವಿಯ ಹತ್ತಿರದ ಗೀಚು, ಎಲ್ಲ ಬಯಲಾಗುತ್ತದೆ. ಮತ್ತೆ ಆಲ್ಟ್ ಕ್ಲಿಕ್ ಮಾಡಿದರೆ ವಾಪಸ್. ಶಿಫ್ಟ್ ಒತ್ತಿ ಕ್ಲಿಕ್ ಮಾಡಿದರೆ ಮಾಸ್ಕ್ ತಾತ್ಕಾಲಿಕವಾಗಿ ಆಫ್ ಆಗುತ್ತದೆ, ಮೂಲ ಫೋಟೊದಲ್ಲಿ ಅಲ್ಲಿ ಏನಿತ್ತು ಅಂತ ನೋಡಬಹುದು. ಬ್ಯಾಕ್‌ಸ್ಲ್ಯಾಶ್ ಕೀ ಒತ್ತಿದರೆ ಮುಚ್ಚಿದ ಭಾಗವೆಲ್ಲ ಕೆಂಪಾಗಿ ಕಾಣುತ್ತದೆ. ಬೆರಳಿನ ಸಂದಿ, ಕನ್ನಡಕದ ಕಡ್ಡಿ ಇಂಥ ಕಡೆ ನನಗೆ ಈ ಕೆಂಪೇ ಇಷ್ಟ.

ಇನ್ನೊಂದು ಉಪಾಯ. ಕಟ್ ಮಾಡಿದ ಲೇಯರಿನ ಕೆಳಗೆ ಕಣ್ಣಿಗೆ ಹೊಡೆಯುವ ಗಿಳಿಹಸಿರು ಬಣ್ಣದ ಲೇಯರ್ ಹಾಕಿ. ಆಮೇಲೆ ಅದನ್ನೇ ಕಪ್ಪು ಮಾಡಿ, ಬಿಳಿ ಮಾಡಿ. ಬಿಳಿಯ ಮೇಲೆ ಕಾಣದ ತಪ್ಪು ಕಪ್ಪಿನ ಮೇಲೆ ಕಾಣುತ್ತದೆ.

ಜಿಂಪ್ ಬಳಸುವವರು ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಶೋ ಲೇಯರ್ ಮಾಸ್ಕ್' ಕೊಟ್ಟರೆ ಇದೇ ಕೆಲಸ ಆಗುತ್ತದೆ. ಜಿಂಪ್ ಉಚಿತ. ಬ್ರೌಸರ್‌ನಲ್ಲೇ ತೆರೆಯುವ ಫೋಟೊಪಿಯಾ ಕೂಡ ದುಡ್ಡಿಲ್ಲದೆ ಸಿಗುತ್ತದೆ, ನೋಡಲು ಫೋಟೊಶಾಪ್ ಥರಾನೇ.

ಬ್ರಷ್ ಕೆಲಸವೇ ಮಾಡುತ್ತಿಲ್ಲ ಅಂದರೆ

ಹೊಸಬರಿಂದ ನನಗೆ ಜಾಸ್ತಿ ಬರುವ ಫೋನ್ ಇದೇ. "ಅಣ್ಣ, ಕಪ್ಪು ಹೊಡೆದ್ರೆ ಫೋಟೊ ಮೇಲೇನೇ ಕಪ್ಪು ಬೀಳ್ತಿದೆ." ಮಾಸ್ಕಿನ ಬದಲು ಫೋಟೊವನ್ನು ಹಿಡಿದುಕೊಂಡಿದ್ದೀರಿ, ಅಷ್ಟೇ. ಎರಡು ಪುಟ್ಟ ಚಿತ್ರಗಳಲ್ಲಿ ಯಾವುದರ ಸುತ್ತ ಚೌಕಟ್ಟು ಇದೆಯೋ ಅದರ ಮೇಲೆ ಬಣ್ಣ ಬೀಳುತ್ತದೆ. ಮಾಸ್ಕ್ ಮೇಲೆ ಒಮ್ಮೆ ಕ್ಲಿಕ್ ಮಾಡಿ.

ಅಲ್ಲಿ ಸರಿ ಇದ್ದೂ ಬ್ರಷ್ ಓಡದಿದ್ದರೆ ಕಂಟ್ರೋಲ್ ಡಿ ಒತ್ತಿ. ಎಲ್ಲೋ ಒಂದು ಸೆಲೆಕ್ಷನ್ ಬಾಕಿ ಉಳಿದಿರುತ್ತದೆ, ಅದರ ಸುತ್ತ ಓಡುವ ಇರುವೆ ಸಾಲಿನಂಥ ಗೆರೆ ಕಣ್ಣಿಗೆ ಬಿದ್ದಿರುವುದಿಲ್ಲ, ಬ್ರಷ್ ಅದರೊಳಗೆ ಮಾತ್ರ ಹೊಡೆಯುತ್ತಿರುತ್ತದೆ. ಅದೂ ಅಲ್ಲದಿದ್ದರೆ ಮೇಲಿನ ಪಟ್ಟಿಯಲ್ಲಿ ಒಪ್ಯಾಸಿಟಿ (ಬಣ್ಣ ಎಷ್ಟು ಗಾಢ), ಫ್ಲೋ (ಎಷ್ಟು ಬೇಗ ತುಂಬುತ್ತದೆ), ಮೋಡ್ (ಕೆಳಗಿನ ಬಣ್ಣದ ಜೊತೆ ಹೇಗೆ ಬೆರೆಯುತ್ತದೆ) ನೋಡಿ. ನಿನ್ನೆ ಯಾವುದೋ ಕೆಲಸಕ್ಕೆ ಒಪ್ಯಾಸಿಟಿ 10 ಇಟ್ಟು ಮರೆತಿರುತ್ತೀರಿ. ಬ್ರಷ್ಷಿನ ವೃತ್ತ ಹೋಗಿ ಕೂಡಿಸುವ ಚಿಹ್ನೆ ಥರ ಬಂದಿದ್ದರೆ ಕ್ಯಾಪ್ಸ್‌ಲಾಕ್ ಆನ್ ಆಗಿದೆ. ನಾನೇ ಒಮ್ಮೆ ಇದಕ್ಕಾಗಿ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ್ದೆ, ನಗಬೇಡಿ.

ಡಿ ಒತ್ತಿದರೆ ಬಣ್ಣ ಕಪ್ಪು-ಬಿಳಿಗೆ ಬರುತ್ತದೆ, ಎಕ್ಸ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ. ಎಡಗೈ ಬೆರಳು ಎಕ್ಸ್ ಮೇಲೇ ಇರಲಿ.

ಬೂದಿ ಕೊಳೆ ತೆಗೆಯುವುದು

ಈಗ ಮೇಷ್ಟ್ರ ಶರ್ಟಿಗೆ ಬರೋಣ. ಮಾಸ್ಕ್ ತೆರೆದುಕೊಂಡು, ಅಂಚಿನಿಂದ ಸ್ವಲ್ಪ ಒಳಗೆ ಲಾಸೊದಿಂದ (ಕೈಯಲ್ಲೇ ಗೆರೆ ಎಳೆದು ಸೆಲೆಕ್ಟ್ ಮಾಡುವ ಟೂಲ್) ಒಂದು ಸುತ್ತು ಹಾಕಿ, ಒಳಗೆಲ್ಲ ಬಿಳಿ ತುಂಬಿಬಿಡಿ. ಎರಡು ನಿಮಿಷದ ಕೆಲಸ. ಹೊರಗಿನ ಚುಕ್ಕೆಗಳಿಗೆ ಇದೇ ರೀತಿ ಕಪ್ಪು.

ಕಷ್ಟ ಇರುವುದು ಅಂಚಿನ ಹತ್ತಿರದ ಬೂದಿಯಲ್ಲಿ. ಅಲ್ಲಿ ಕೆಲವು ಬೂದಿ ಬೇಕು, ಕೆಲವು ಬೇಡ. ಸಾಮಾನ್ಯವಾಗಿ ಎಲ್ಲರೂ ಕಂಟ್ರೋಲ್ ಎಲ್ ಒತ್ತಿ ಲೆವೆಲ್ಸ್ (ಕಪ್ಪು-ಬಿಳಿಯ ಮಟ್ಟ ಬದಲಿಸುವ ಕಿಟಕಿ) ತರುತ್ತಾರೆ, ಬಿಳಿ ಗುಂಡಿಯನ್ನು 230ಕ್ಕೆ, ಕಪ್ಪನ್ನು 25ಕ್ಕೆ ಎಳೆಯುತ್ತಾರೆ. ಕೊಳೆ ಬಹುಮಟ್ಟಿಗೆ ಹೋಗುತ್ತದೆ, ಆದರೆ ಮಾಸ್ಕಿಗೆ ಪೂರ್ತಿ ಕೊಟ್ಟರೆ ಕೂದಲೂ ಅದರ ಜೊತೆ ಹೋಗುತ್ತದೆ, ತಲೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಆಗುತ್ತದೆ. ಲೆವೆಲ್ಸ್ ಕೊಡುವ ಮೊದಲು ಕೊಳೆ ಇರುವ ಜಾಗವನ್ನಷ್ಟೇ ಸೆಲೆಕ್ಟ್ ಮಾಡಿಕೊಳ್ಳಿ.

ನನಗೆ ಇದಕ್ಕಿಂತ ಒಳ್ಳೆಯದು ಅನ್ನಿಸುವುದು ಓವರ್‌ಲೇ ಬ್ರಷ್. ಬ್ರಷ್ಷಿನ ಮೋಡ್ ಓವರ್‌ಲೇ, ಒಪ್ಯಾಸಿಟಿ 15-20. ಬಿಳಿ ಬಣ್ಣದಿಂದ ಬೂದಿಯ ಮೇಲೆ ಒಂದೊಂದೇ ಸಲ ಎಳೆದರೆ ಬೂದಿ ಬೆಳ್ಳಗಾಗುತ್ತಾ ಬರುತ್ತದೆ, ಪಕ್ಕದ ಪೂರ್ತಿ ಕಪ್ಪಿಗೆ ಏನೂ ಆಗುವುದಿಲ್ಲ. ಕಪ್ಪಿನಿಂದ ಎಳೆದರೆ ಅದರ ಉಲ್ಟಾ, ಪೂರ್ತಿ ಬಿಳಿ ಹಾಗೇ ಉಳಿಯುತ್ತದೆ. ಕೈ ಸ್ವಲ್ಪ ಆಚೀಚೆ ಹೋದರೂ ಗೆರೆ ದಾಟುವ ಭಯ ಇಲ್ಲ.

ತಲೆಯ ಸುತ್ತ ಬಿಳಿ ಪ್ರಭಾವಳಿ

ದೇವರ ಫೋಟೊಗೆ ಪ್ರಭಾವಳಿ ಚೆಂದ, ಮದುಮಗನಿಗೆ ಅಲ್ವಲ್ಲ. ಹಳೆಯ ಹಿನ್ನೆಲೆಯ ಒಂದೆರಡು ಪಿಕ್ಸೆಲ್ ಅಂಚಿನಲ್ಲಿ ಉಳಿದುಕೊಂಡಾಗ ಹೀಗಾಗುತ್ತದೆ.

ಮಾಸ್ಕ್ ಹಿಡಿದುಕೊಂಡು ಫಿಲ್ಟರ್, ಅದರಲ್ಲಿ ಅದರ್, ಅದರಲ್ಲಿ ಮಿನಿಮಮ್. 1 ಪಿಕ್ಸೆಲ್ ಕೊಡಿ. ಬಿಳಿ ಭಾಗ ಸುತ್ತಲೂ ಒಂದು ಪಿಕ್ಸೆಲ್ ಒಳಗೆ ಸರಿಯುತ್ತದೆ. ಭುಜ, ತೋಳು, ಪಂಚೆಯ ಅಂಚಿಗೆ ಇದು ಸಾಕು. ಮ್ಯಾಕ್ಸಿಮಮ್ ಕೊಟ್ಟರೆ ಹೊರಗೆ ಸರಿಯುತ್ತದೆ, ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ.

ಕೂದಲಿಗೆ ಮಾತ್ರ ಇದು ಬೇಡ. ಒಂದು ಎಳೆ ಕೂದಲೇ ಒಂದೆರಡು ಪಿಕ್ಸೆಲ್ ಇರುತ್ತದೆ, ಒಂದು ಪಿಕ್ಸೆಲ್ ಒಳಗೆ ಸರಿದರೆ ಎಳೆಯೇ ಮಾಯ. ಅಲ್ಲಿ ಆಕಾರ ಸರಿಯಾಗಿಯೇ ಇರುತ್ತದೆ, ಬಣ್ಣ ಕೆಟ್ಟಿರುತ್ತದೆ. ಅದಕ್ಕೆ ಫೋಟೊ ಲೇಯರಿನ ಮೇಲೆ ಹೊಸ ಖಾಲಿ ಲೇಯರ್ ಹಾಕಿ, ಆಲ್ಟ್ ಒತ್ತಿ ಎರಡರ ನಡುವಿನ ಗೆರೆಯ ಮೇಲೆ ಕ್ಲಿಕ್ ಮಾಡಿ. ಈಗ ಮೇಲಿನದು ಕೆಳಗಿನದರ ಆಕಾರದೊಳಗೆ ಮಾತ್ರ ಕಾಣುತ್ತದೆ. ಒಳಗಿನ ಕೂದಲಿನ ಬಣ್ಣ ತೆಗೆದುಕೊಂಡು ಅಂಚಿನ ಎಳೆಗಳ ಮೇಲೆ ಮೆದುವಾಗಿ ಬಳಿಯಿರಿ. ಅಂಚು ತಿದ್ದುವ 'ಸೆಲೆಕ್ಟ್ ಆಂಡ್ ಮಾಸ್ಕ್' ಕಿಟಕಿಯಲ್ಲಿರುವ 'ಡಿಕಂಟ್ಯಾಮಿನೇಟ್ ಕಲರ್ಸ್' ಇದನ್ನೇ ತಾನಾಗಿ ಮಾಡಲು ನೋಡುತ್ತದೆ. ಆದರೆ ಅದು ಫೋಟೊದ ಪಿಕ್ಸೆಲ್ಲನ್ನೇ ಬದಲಿಸುವುದರಿಂದ ಬೇರೆ ಲೇಯರ್ ಮಾಡಿಕೊಡುತ್ತದೆ, ಹಳೆಯದನ್ನು ಅಳಿಸಬೇಡಿ. ಅದೇ ಕಿಟಕಿಯಲ್ಲಿ 'ರಿಮೆಂಬರ್ ಸೆಟ್ಟಿಂಗ್ಸ್' ಟಿಕ್ ಆಗಿದ್ದರೆ ತೆಗೆದುಬಿಡಿ. ಹೋದ ವಾರದ ಮಗುವಿನ ಫೋಟೊಗೆ ಕೊಟ್ಟ ಫೆದರ್ (ಅಂಚು ಮೆದು ಮಾಡುವ ಅಳತೆ) ಈ ವಾರದ ಫೋಟೊಗೂ ಬಂದು ಕೂತಿರುತ್ತದೆ.

ಮೊಗ್ಗಿನ ಜಡೆ

ಮದುವೆ ಆಲ್ಬಂನಲ್ಲಿ ನನ್ನನ್ನು ಹೆಚ್ಚು ಸತಾಯಿಸಿದ್ದು ಇದು. ಕಪ್ಪು ಕೂದಲು, ಅದರ ಮೇಲೆ ಬಿಳಿ ಮಲ್ಲಿಗೆ ಮೊಗ್ಗು, ಹಿಂದೆ ಛತ್ರದ ಕೆಂಪು ಪರದೆ. ಒಂದೇ ಸೆಲೆಕ್ಷನ್ನಿನಲ್ಲಿ ಮೊಗ್ಗು ಸಿಕ್ಕರೆ ಕೂದಲು ಬಿಡುತ್ತದೆ, ಕೂದಲು ಸಿಕ್ಕರೆ ಮೊಗ್ಗು ಬಿಡುತ್ತದೆ.

ಚಾನೆಲ್ಸ್ ಪ್ಯಾನೆಲ್ ತೆರೆದು ಕೆಂಪು, ಹಸಿರು, ನೀಲಿ ಒಂದೊಂದಾಗಿ ನೋಡಿ. ಒಂದೊಂದು ಚಾನೆಲ್ ಅಂದರೆ ಆ ಬಣ್ಣದ ಬೆಳಕು ಎಲ್ಲಿ ಎಷ್ಟಿದೆ ಅಂತ ತೋರಿಸುವ ಕಪ್ಪು-ಬಿಳುಪು ಚಿತ್ರ. ಹಸಿರು ಚಾನೆಲ್‌ನಲ್ಲಿ ಕೆಂಪು ಪರದೆ ಹೆಚ್ಚುಕಮ್ಮಿ ಕಪ್ಪು, ಮೊಗ್ಗು ಫಳಫಳ ಬಿಳಿ. ಕೆಂಪು ಚಾನೆಲ್‌ನಲ್ಲಿ ಪರದೆ ಬೆಳ್ಳಗೆ, ಮೊಗ್ಗೂ ಬೆಳ್ಳಗೆ, ಕೂದಲು ಮಾತ್ರ ಕಪ್ಪು. ಅಂದರೆ ಮೊಗ್ಗಿಗೆ ಹಸಿರು, ಕೂದಲಿಗೆ ಕೆಂಪು.

ಎರಡೂ ಚಾನೆಲ್ಲುಗಳ ನಕಲು ಮಾಡಿಕೊಳ್ಳಿ. ಮೂಲ ಚಾನೆಲ್ ಮುಟ್ಟಿದರೆ ಫೋಟೊದ ಬಣ್ಣವೇ ಹೋಗುತ್ತದೆ, ಹುಷಾರು. ಹಸಿರಿನ ನಕಲಿಗೆ ಲೆವೆಲ್ಸ್ ಕೊಟ್ಟು ಪರದೆಯನ್ನು ಪೂರ್ತಿ ಕಪ್ಪು ಮಾಡಿ. ಕೆಂಪಿನ ನಕಲನ್ನು ಕಂಟ್ರೋಲ್ ಐ ಒತ್ತಿ ಉಲ್ಟಾ ಮಾಡಿ, ಕೂದಲು ಬಿಳಿಯಾಗುತ್ತದೆ, ಅದಕ್ಕೂ ಸ್ವಲ್ಪ ಲೆವೆಲ್ಸ್. ಪರದೆಯ ಮಡಿಕೆಯ ನೆರಳುಗಳು ಇಲ್ಲಿ ಬೂದಿಯಾಗಿ ಉಳಿಯುತ್ತವೆ, ಅವಕ್ಕೆ ಓವರ್‌ಲೇ ಬ್ರಷ್ಷಿನಿಂದ ಕಪ್ಪು. ಈಗ ಕಂಟ್ರೋಲ್ ಒತ್ತಿ ಮೊದಲ ನಕಲಿನ ಮೇಲೆ ಕ್ಲಿಕ್, ಕಂಟ್ರೋಲ್ ಮತ್ತು ಶಿಫ್ಟ್ ಎರಡೂ ಒತ್ತಿ ಎರಡನೆಯದರ ಮೇಲೆ ಕ್ಲಿಕ್. ಎರಡು ಸೆಲೆಕ್ಷನ್ನೂ ಕೂಡಿಕೊಂಡವು. ಲೇಯರಿಗೆ ವಾಪಸ್ ಬಂದು ಮಾಸ್ಕ್ ಹಾಕಿ. ಮುಖ, ಒಡವೆ, ಸೀರೆಯ ಒಳಭಾಗಕ್ಕೆ ಲಾಸೊ ಸುತ್ತಿ ಬಿಳಿ ತುಂಬಿ. ಸೀರೆಯೂ ಕೆಂಪಾದರೆ ಅದರ ಅಂಚನ್ನು ಪೆನ್ ಟೂಲಿನಲ್ಲಿ ಕೈಯಾರೆ ಎಳೆಯದೆ ಬೇರೆ ದಾರಿ ಇಲ್ಲ.

ನೀಲಿ ಚಾನೆಲ್‌ನಲ್ಲೂ ಮೊಗ್ಗು ಚೆನ್ನಾಗಿ ಕಾಣುತ್ತದಲ್ಲ ಅನ್ನಬಹುದು. ಹತ್ತಿರದಿಂದ ನೋಡಿ, ನೀಲಿಯಲ್ಲೇ ಮರಳು ಚೆಲ್ಲಿದಂಥ ನಾಯ್ಸ್ ಸಾಮಾನ್ಯವಾಗಿ ಜಾಸ್ತಿ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಆದರೆ ಮುಗಿಯಿತು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ಲಿನ ಚೌಕಗಳಾಗಿ ಒಡೆದು ಒತ್ತುತ್ತದೆ, ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಜಾಸ್ತಿ ಕಳೆಯುತ್ತದೆ. ಕೂದಲಿನ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲು ಕಾಣುವುದು ಇದಕ್ಕೇ. ಎಷ್ಟು ಚೆನ್ನಾಗಿ ಮಾಸ್ಕ್ ಮಾಡಿದರೂ ಆ ಮೆಟ್ಟಿಲು ಹೋಗುವುದಿಲ್ಲ. ಗಿರಾಕಿಗೆ ಫೋನ್ ಮಾಡಿ, "ಸಾರ್, ಅದೇ ಫೋಟೊನ ಡಾಕ್ಯುಮೆಂಟ್ ಅಂತ ಕಳಿಸಿ" ಅನ್ನಿ. ಅರ್ಧ ಗಂಟೆಯ ಕೆಲಸ ಉಳಿಯುತ್ತದೆ.

ಅಂಚು ತೀರಾ ಹರಿತ ಅಥವಾ ತೀರಾ ಮಬ್ಬು

ಅಂಟಿಸಿದ ಹಾಗೆ ಕಾಣುತ್ತಿದೆ ಅಂತ ಗಿರಾಕಿ ಹೇಳಿದರೆ ಎಷ್ಟೋ ಸಲ ಕಾರಣ ಇಷ್ಟೇ, ಸುತ್ತಲೂ ಒಂದೇ ಫೆದರ್ ಕೊಟ್ಟಿರುತ್ತೀರಿ. ಮೂಲ ಫೋಟೊ ನೋಡಿ. ಕಣ್ಣಿಗೆ ಫೋಕಸ್ ಇದ್ದರೆ ಕೆನ್ನೆಯ ಅಂಚು ಹರಿತ, ಹಿಂದಿನ ಭುಜ ಮಬ್ಬು. ಮಾಸ್ಕೂ ಹಾಗೇ ಇರಬೇಕು. ಮಾಸ್ಕಿಗೆ ಮೊದಲು ಅರ್ಧ ಪಿಕ್ಸೆಲ್ ಗಾಸಿಯನ್ ಬ್ಲರ್ (ಮಬ್ಬು ಮಾಡುವ ಫಿಲ್ಟರ್) ಕೊಡಿ, ಆಮೇಲೆ ಬ್ಲರ್ ಟೂಲ್ ಹಿಡಿದು ಭುಜದ ಅಂಚಿನ ಮೇಲೆ ಮಾತ್ರ ಮೂರ್ನಾಲ್ಕು ಸಲ ಎಳೆಯಿರಿ. ಹೌದು, ಬ್ಲರ್ ಟೂಲ್ ಮಾಸ್ಕ್ ಮೇಲೂ ಓಡುತ್ತದೆ. ಬೆರಳಲ್ಲಿ ಉಜ್ಜಿದ ಹಾಗೆ ಎಳೆಯುವ ಸ್ಮಡ್ಜ್ ಕೂಡ. ಕತ್ತರಿಸಿಹೋದ ಕೂದಲ ತುದಿಯನ್ನು ಮಾಸ್ಕ್ ಮೇಲೆ ಚಿಕ್ಕ ಸ್ಮಡ್ಜ್‌ನಿಂದ ಹೊರಗೆ ಎಳೆದು ನೋಡಿ.

ಎಲ್ಲ ಮುಗಿದ ಮೇಲೆ ಫೋಟೊ ಒಂದು ಕಡೆ, ಮಾಸ್ಕ್ ಇನ್ನೊಂದು ಕಡೆ ಸರಿದರೆ ಗಾಬರಿ ಬೇಡ. ಎರಡರ ನಡುವಿನ ಸರಪಳಿ ಗುರುತು ಹೋಗಿದೆ. ಅನ್‌ಡೂ ಮಾಡಿ, ಆ ಜಾಗದಲ್ಲಿ ಕ್ಲಿಕ್ ಮಾಡಿ ಸರಪಳಿ ವಾಪಸ್ ತನ್ನಿ.

ಪ್ರಿಂಟಿಗೆ ಜೆಪೆಗ್ ಕಳಿಸಿ, ನಿಮ್ಮ ಹತ್ತಿರ ಮಾಸ್ಕ್ ಸಮೇತ ಫೋಟೊಶಾಪ್ ಫೈಲ್, ಅಂದರೆ ಪಿಎಸ್‌ಡಿ ಇಟ್ಟುಕೊಳ್ಳಿ. ಮಾಸ್ಕನ್ನು ಅಪ್ಪಿತಪ್ಪಿ ಕಸದ ಬುಟ್ಟಿಗೆ ಎಳೆದರೆ 'ಅಪ್ಲೈ ಮಾಡಲಾ, ಡಿಲೀಟ್ ಮಾಡಲಾ' ಅಂತ ಕೇಳುತ್ತದೆ. ಅಪ್ಲೈ ಕೊಟ್ಟರೆ ಮುಚ್ಚಿಟ್ಟ ಪಿಕ್ಸೆಲ್ಲುಗಳು ಅಳಿಸಿಹೋಗುತ್ತವೆ, ಡಿಲೀಟ್ ಕೊಟ್ಟರೆ ಮಾಸ್ಕೇ ಹೋಗುತ್ತದೆ. ಉಳಿದ ಬಟನ್ ಕ್ಯಾನ್ಸಲ್, ಅದನ್ನು ಒತ್ತಿ. ಮೇಷ್ಟ್ರ ಪಿಎಸ್‌ಡಿ ಇನ್ನೂ ನನ್ನ ಹತ್ತಿರ ಇದೆ. ಅವತ್ತು ಸಂಜೆಯೊಳಗೆ ಶರ್ಟಿಗೆ ಬಿಳಿ ತುಂಬಿ, ನನ್ನ ಖರ್ಚಿನಲ್ಲೇ ಇನ್ನೊಂದು ಫ್ಲೆಕ್ಸ್ ಹೊಡೆಸಿ ಕಟ್ಟಿಸಿದೆ.