ಮಿಲ್ಲಾ, ಎಂಒಎನಾ? ನಾನು ಮಿಲ್ ಸ್ಕೋಪ್ ತಗೊಂಡಿದ್ದು ಯಾಕೆ

ಲಾಂಗ್ ರೇಂಜ್ ಶೂಟಿಂಗ್ ಶುರು ಮಾಡ್ಬೇಕು ಅಂತಿರೋ ನಮ್ಮೋರು ಮೊದ್ಲು ಕೇಳೋದೇ ಇದು, ಸ್ಕೋಪ್ (ರೈಫಲ್ ಮೇಲೆ ಕೂರಿಸೋ ದುರ್ಬೀನು) ಮಿಲ್‌ದು ತಗೊಳ್ಳೋದಾ ಎಂಒಎದಾ ಅಂತ. ನಾನಿರೋದು ಅರಿಝೋನಾದಲ್ಲಿ, ಫೀನಿಕ್ಸ್‌ನ ಬೆನ್ ಎವರಿ ರೇಂಜಲ್ಲಿ 1000 ಯಾರ್ಡ್ ತನಕ ಹೊಡೀಬಹುದು, ರೈಫಲ್ 6.5 ಕ್ರೀಡ್‌ಮೋರ್ ಅನ್ನೋ ಕಾಡತೂಸಿಂದು.

ಮಿಲ್ ಅಂದ್ರೆ ಮೀಟರ್ ಲೆಕ್ಕ, ಎಂಒಎ ಅಂದ್ರೆ ಇಂಚು ಲೆಕ್ಕ ಅಂತ ತುಂಬಾ ಜನ ನಂಬ್ಕೊಂಡಿರ್ತಾರೆ, ಹಾಗಿಲ್ಲ, ಎರಡೂ ಕೋನಾನೇ. ಒಂದು ಡಿಗ್ರಿನ 60 ಭಾಗ ಮಾಡಿದ್ರೆ ಎಂಒಎ, ಒಂದು ರೇಡಿಯನ್ನ 1000 ಭಾಗ ಮಾಡಿದ್ರೆ ಮಿಲ್. 100 ಯಾರ್ಡಲ್ಲಿ ಎಂಒಎ 1.047 ಇಂಚು, ಮಿಲ್ 3.6 ಇಂಚು. ಮನೆ ಸೈಟು ಅಂದ್ರೆ 30x40 ಅಡಿ, ಬಟ್ಟೆ ಅಂದ್ರೆ ಮೀಟರ್ ಅಂತ ಬೆಳೆದಿರೋ ನಮಗೆ ಯಾವ್ದೂ ಹೊಸದಲ್ಲ ಬಿಡಿ. ಅದಕ್ಕಿಂತ ಮುಖ್ಯ, ಗುಂಡು ಎಷ್ಟು ಇಂಚು ತಪ್ಪಿತು ಅಂತ ನಾನು ಲೆಕ್ಕ ಹಾಕೋದೇ ಇಲ್ಲ. ರೆಟಿಕಲ್ಲಲ್ಲಿ (ಸ್ಕೋಪೊಳಗೆ ಕಾಣೋ ಅಳತೆ ಗೆರೆಗಳಲ್ಲಿ) 0.4 ಮಿಲ್ ಕೆಳಗೆ ಬಿದ್ದಿದ್ದು ಕಂಡ್ರೆ ಟರೆಟ್ (ಗುರಿ ಸರಿಸೋ ತಿರುಗಣೆ) 4 ಕ್ಲಿಕ್ ಮೇಲೆ, ಒಂದು ಕ್ಲಿಕ್ ಅಂದ್ರೆ 0.1 ಮಿಲ್, ಮುಗೀತು.

ನನಗೆ ಮಿಲ್ ಹಿಡಿಸಿದ್ದು ಗಾಳಿ ಲೆಕ್ಕದಿಂದ. ನನ್ನ ಲೋಡ್‌ಗೆ (ನಾನು ಬಳಸೋ ಗುಂಡು, ಮದ್ದಿನ ಜೋಡಿಗೆ) ಗಂಟೆಗೆ 6 ಮೈಲಿ ಅಡ್ಡಗಾಳಿ ಇದ್ರೆ 400 ಯಾರ್ಡ್‌ಗೆ ಗುಂಡು ಪಕ್ಕಕ್ಕೆ ಸರಿಯೋದು ಸುಮಾರು 0.4 ಮಿಲ್, 500ಕ್ಕೆ 0.5, 600ಕ್ಕೆ 0.6, ದೂರದ ಮೊದಲ ಅಂಕಿನೇ ಉತ್ತರ, ಗಾಳಿ 12 ಆದ್ರೆ ಡಬಲ್, 3 ಆದ್ರೆ ಅರ್ಧ. ಅರಿಝೋನಾದಲ್ಲಿ ಬೆಳಿಗ್ಗೆ ಶಾಂತವಾಗಿದ್ದ ಗಾಳಿ ಬಿಸಿಲೇರಿದ ಹಾಗೆ ದಿಕ್ಕು ಬದಲಾಯಿಸ್ತಾ ಇರುತ್ತೆ, ಮ್ಯಾಚಲ್ಲಿ ಟೈಮರ್ ಓಡ್ತಿರುವಾಗ ಫೋನ್ ತೆಗೆದು ಲೆಕ್ಕ ನೋಡೋಕೆ ಎಲ್ಲಿ ಪುರುಸೊತ್ತು, ಈ ಲೆಕ್ಕ ಬಾಯಲ್ಲೇ ಬರುತ್ತೆ. ಆಮೇಲೆ ಪಿಆರ್‌ಎಸ್ (ಪ್ರಿಸಿಷನ್ ರೈಫಲ್ ಸೀರೀಸ್) ಥರದ ಮ್ಯಾಚಲ್ಲಿ ಪಕ್ಕದಲ್ಲಿ ಸ್ಪಾಟ್ ಮಾಡೋರು, ಅಂದ್ರೆ ಗುಂಡು ಎಲ್ಲಿ ಬಿತ್ತು ಅಂತ ನೋಡಿ ಹೇಳೋರು, ಹೆಚ್ಚುಕಮ್ಮಿ ಎಲ್ರೂ ಮಿಲ್ಲಲ್ಲೇ ಮಾತಾಡ್ತಾರೆ, ಅವರು "ಎಡಕ್ಕೆ ಪಾಯಿಂಟ್ ಮೂರು" ಅಂದಾಗ ಎಂಒಎ ಮಾಡೋಕೆ 3.44ರಿಂದ (ಒಂದು ಮಿಲ್ ಅಂದ್ರೆ ಅಷ್ಟು ಎಂಒಎ) ಗುಣಿಸ್ತಾ ಕೂತ್ರೆ ಆಗಲ್ಲ.

ಆದ್ರೆ ಎಫ್-ಕ್ಲಾಸ್ (ಮಲಗಿ, ರೈಫಲ್‌ಗೆ ಆಸರೆ ಕೊಟ್ಟು ರಿಂಗ್ ಟಾರ್ಗೆಟ್‌ಗೆ ಹೊಡೆಯೋ ಸ್ಪರ್ಧೆ) ಹೊಡೆಯೋರಿಗೆ ನಾನೇ ಎಂಒಎ ತಗೊಳ್ಳಿ ಅಂತೀನಿ. 1000 ಯಾರ್ಡ್ ಟಾರ್ಗೆಟ್ಟಲ್ಲಿ ಹತ್ತರ ರಿಂಗ್ 10 ಇಂಚು, ಒಳಗಿನ ಎಕ್ಸ್ 5 ಇಂಚು, ಅಂದ್ರೆ ಹತ್ತಿರ ಹತ್ತಿರ 1 ಮತ್ತು ಅರ್ಧ ಎಂಒಎ. ಅಲ್ಲಿ 0.1 ಮಿಲ್ ಕ್ಲಿಕ್ ಅಂದ್ರೆ 3.6 ಇಂಚು ಸರಿಯುತ್ತೆ, ಕಾಲು ಎಂಒಎ ಆದ್ರೆ 2.6, ಎಂಟನೇ ಒಂದು ಭಾಗ ಆದ್ರೆ 1.3. ಎಕ್ಸ್‌ಗೋಸ್ಕರ ಒದ್ದಾಡೋರಿಗೆ ಆ ವ್ಯತ್ಯಾಸ ನಿಜವಾಗ್ಲೂ ಬೇಕು. ಸ್ಟೀಲ್ ಪ್ಲೇಟ್ ಹೊಡೆಯೋ ನನಗೆ ಬೇಡ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಒಂದು ನೋಡ್ಕೊಳ್ಳಿ, ಕೆಲವು ಹಳೇ ಸ್ಕೋಪುಗಳಲ್ಲಿ ರೆಟಿಕಲ್ ಮಿಲ್-ಡಾಟ್ (ಮಿಲ್ ಅಳತೆಯ ಚುಕ್ಕೆಗಳು) ಇದ್ದು ಟರೆಟ್ ಎಂಒಎ ಇರುತ್ತೆ, ಎಷ್ಟೇ ಅಗ್ಗ ಸಿಕ್ಕಿದ್ರೂ ಬೇಡ. ಫಸ್ಟ್ ಫೋಕಲ್ ಪ್ಲೇನ್ (ಝೂಮ್ ಜೊತೆ ರೆಟಿಕಲ್ಲೂ ದೊಡ್ಡದಾಗೋ ಥರದ್ದು) ಇದ್ರೆ ಯಾವ ಝೂಮಲ್ಲೂ ರೆಟಿಕಲ್ ಅಳತೆ ಸರಿ ಬರುತ್ತೆ, ಸೆಕೆಂಡ್ ಫೋಕಲ್ ಪ್ಲೇನ್ ಆದ್ರೆ ಒಂದೇ ಝೂಮಲ್ಲಿ, ಸಾಮಾನ್ಯವಾಗಿ ಫುಲ್ ಇಟ್ಟಾಗ ಮಾತ್ರ.