ಬಳ್ಳಾರಿ ಬಿಸಿಲಿಗೂ ಕಾಳಿ ಒಂದರ ಶ್ರುತಿಗೂ ಚೆಲ್ಲೊ ಒಗ್ಗಿಸಿದ್ದು: ನನ್ನ ಅನುಭವ

ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ, ಮಂದ್ರ ದನಿಯ ವಾದ್ಯ) ಬಳ್ಳಾರಿಯಲ್ಲಿ ಒಂದು ಬೇಸಿಗೆಯೂ ತಡೆಯಲ್ಲ, ತಡೆದರೂ ಹಿಂದೂಸ್ತಾನಿ ಖಯಾಲ್ ಗಾಯನಕ್ಕೆ ಸಾಥ್ ಕೊಡಲು ಬರಲ್ಲ ಅಂದವರೇ ಹೆಚ್ಚು. ಪಿಟೀಲಿನವರೂ ಅದನ್ನೇ ಹೇಳಿದರು, ವಾದ್ಯ ರಿಪೇರಿಯವರೂ ಅದನ್ನೇ ಹೇಳಿದರು. ಈಗ ಬೇಸಿಗೆ ಮೇಲೆ ಬೇಸಿಗೆ ಕಳೆದರೂ ಅಂಟಿನ ಜೋಡು ಬಾಯಿ ಬಿಟ್ಟಿಲ್ಲ. ನಿಧಾನಗತಿಯ ವಿಲಂಬಿತ್ ಶುರುವಾದಾಗ ಕೂಡಿಸಿದ ಶ್ರುತಿ ವೇಗದ ದ್ರುತ್ ಮುಗಿಯುವವರೆಗೆ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ತಂತಿ ಏರಿಸುವುದು, ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ನಿಲ್ಲಿಸುವುದು ಗೊತ್ತಿರುವವರಿಗೆ ಇದು.

ಚೆಲ್ಲೊದ ನಾಲ್ಕು ತಂತಿಗಳ ಮಾಮೂಲಿ ಶ್ರುತಿ, ಕೆಳಗಿನಿಂದ ಮೇಲಕ್ಕೆ, ಸಿ-ಜಿ-ಡಿ-ಎ. ಕೆಳಗಿನ ಎರಡನ್ನು ಅರ್ಧ ಸ್ವರ ಏರಿಸಿ, ಮೇಲಿನ ಎರಡನ್ನು ಅರ್ಧ ಸ್ವರ ಇಳಿಸಿದರೆ ಕಾಳಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಅಂದರೆ ಸಿ ಶಾರ್ಪ್) ಸಾ-ಪ-ಸಾ-ಪ ಸಿಗುತ್ತದೆ. ಶ್ರುತಿ ಬದಲಿಸುವುದೇ ತಪ್ಪು ಅನ್ನುವವರು ಜರ್ಮನ್ ಸಂಯೋಜಕ ಬಾಖ್‌ನ ಐದನೇ ಚೆಲ್ಲೊ ಸ್ವೀಟ್ (suite, ನೃತ್ಯರೂಪದ ತುಣುಕುಗಳ ಸರಣಿ) ನೋಡಲಿ, ಅದನ್ನು ಬರೆದಿರುವುದೇ ಎ ತಂತಿಯನ್ನು ಜಿಗೆ ಇಳಿಸಿದ ಶ್ರುತಿಗೆ. ಹಂಗೇರಿಯ ಸಂಯೋಜಕ ಕೊದಾಯ್ 1915ರ ಸೋಲೋ ಚೆಲ್ಲೊ ಸೊನಾಟಾದಲ್ಲಿ ಕೆಳಗಿನ ಎರಡು ತಂತಿಗಳನ್ನು ಅರ್ಧ ಸ್ವರ ಇಳಿಸಿದ್ದಾನೆ. ಅರ್ಧ ಸ್ವರ ಏರಿಸಿದರೆ ತಂತಿಯ ಎಳೆತ ಶೇ 12ರಷ್ಟು ಹೆಚ್ಚುತ್ತದೆ, ಇಳಿಸಿದರೆ ಶೇ 11ರಷ್ಟು ತಗ್ಗುತ್ತದೆ. ಎರಡು ಏರಿ ಎರಡು ಇಳಿದರೆ ಒಟ್ಟು ಭಾರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಆದರೆ ಆ ಭಾರ ಕುದುರೆಯ ಸಿ ಕಡೆಯ ಕಾಲಿಗೆ ಸರಿಯುತ್ತದೆ, ಇತ್ತ ಎ ತಂತಿ ಸಡಿಲಾಗಿ ದನಿ ಮಂಕಾಗುತ್ತದೆ. ಹಾಗಾಗಿ ಸಿ ಮತ್ತು ಜಿಗೆ ಲೈಟ್ ಗೇಜ್ (ಎಳೆತ ಕಡಿಮೆ ಇರುವ ತಂತಿ), ಡಿ ಮತ್ತು ಎಗೆ ಹೆವಿ ಗೇಜ್ (ಎಳೆತ ಹೆಚ್ಚಿರುವ ತಂತಿ) ಹಾಕಬೇಕು. ಸೆಟ್ಟಾಗಿ ಸಿಗುವುದಿಲ್ಲ. ಬಿಡಿಬಿಡಿಯಾಗಿ ಕೊಂಡಾಗ ನನಗೆ ಹದಿನೈದು ಸಾವಿರ ಎದ್ದು ಹೋಯಿತು. ವಾದ್ಯಕ್ಕೆ ಕೊಟ್ಟಿದ್ದೇ ಐವತ್ತರ ಆಸುಪಾಸು. ಮೂರು-ನಾಲ್ಕು ಸಾವಿರದ ಸ್ಟೀಲ್ ಸೆಟ್ ಕೂಡ ಹಾಕಿ ನೋಡಿದ್ದಾಯಿತು. ಮಂದ್ರ ಷಡ್ಜ ತಗಡು ಬಡಿದಂತೆ ಕೇಳುತ್ತದೆ.

ಎಲ್ಲಕ್ಕಿಂತ ಕಾಡಿದ್ದು ವುಲ್ಫ್, ಅಂದರೆ ಒಂದು ಸ್ವರದಲ್ಲಿ ವಾದ್ಯದ ಮೈಯೇ ಅನುರಣಿಸಿ ದನಿ ತಡವರಿಸುವ ತೊಂದರೆ. ಬಹುಪಾಲು ಚೆಲ್ಲೊಗಳಲ್ಲಿ ಅದು ಇ ಮತ್ತು ಎಫ್ ಶಾರ್ಪ್ ನಡುವೆ, ಸುಮಾರು 165–185 ಹರ್ಟ್ಸ್‌ನಲ್ಲಿ ಕೂತಿರುತ್ತದೆ. ಕಾಳಿ ಒಂದಕ್ಕೆ ಲೆಕ್ಕ ಹಾಕಿದರೆ ಮಧ್ಯ ಸಪ್ತಕದ ಕೋಮಲ ಗಾಂಧಾರದಿಂದ ಶುದ್ಧ ಮಧ್ಯಮದವರೆಗಿನ ಜಾಗ ಅದು. ಅಂದರೆ ಯಮನ್ ರಾಗದ ಗಾಂಧಾರದ ಮೇಲೆ ನಿಂತ ಕೂಡಲೇ ವಾದ್ಯ ಗುಟುರು ಹಾಕುತ್ತದೆ. ಹಿಂದೂಸ್ತಾನಿಗೆ ಚೆಲ್ಲೊ ಆಗಲ್ಲ ಅನ್ನುವವರು ಕೇಳಿರುವುದು ಬಹುಶಃ ಈ ಗುಟುರನ್ನೇ. ಕುದುರೆಯ ಕೆಳಗೆ ಜಿ ತಂತಿಗೆ ಹಿತ್ತಾಳೆ ಕೊಳವೆ ಹಾಕುವುದು ಎಲ್ಲರಿಗೂ ಗೊತ್ತು. ಅದನ್ನು ವುಲ್ಫ್ ಪೂರ್ತಿ ಅಡಗುವವರೆಗೆ ಸರಿಸಿದರೆ ಮಂದ್ರ ಸಪ್ತಕವೂ ಜೊತೆಗೇ ಸತ್ತುಹೋಗುತ್ತದೆ. ಅಡಗಿಸಬೇಡಿ, ಜರುಗಿಸಿ. ಶುದ್ಧ ಗಾಂಧಾರಕ್ಕೂ ಮಧ್ಯಮಕ್ಕೂ ನಡುವೆ ತಂದು ಕೂರಿಸಿದರೆ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಎಳೆಯುವಾಗ ಬೆರಳು ದಾಟಿಹೋಗುವ ಜಾಗದಲ್ಲಿ ಉಳಿಯುತ್ತದೆ, ನಿಲ್ಲುವ ಜಾಗದಲ್ಲಿ ಇರುವುದಿಲ್ಲ. ಒಂದೊಂದು ಮಿಲಿಮೀಟರ್ ಸರಿಸಿ ಕೇಳಬೇಕು. ಕೊಳವೆಯ ತೂಕವನ್ನೂ ಒಳಗೆ ತುಂಬಿದ್ದನ್ನೂ ಇಲ್ಲಿ ಬರೆಯಲ್ಲ, ಅದಕ್ಕೆ ತುಂಬಾ ಬೆವರು ಸುರಿದಿದೆ.

ಬಿಸಿಲಿನ ವಿಷಯಕ್ಕೆ ಬಂದರೆ, ಒಣ ಹವೆಗಿಂತ ಏರಿಳಿತ ಕೆಟ್ಟದ್ದು. ಮೇ ತಿಂಗಳ ಮಧ್ಯಾಹ್ನ ಕೋಣೆಯ ತೇವಾಂಶ ಶೇ 25ರ ಕೆಳಗೆ ಇಳಿಯುತ್ತದೆ. ಏರ್ ಕೂಲರ್ ಹಚ್ಚಿದರೆ ಎಪ್ಪತ್ತಕ್ಕೆ ಏರುತ್ತದೆ, ಕರೆಂಟ್ ಹೋದರೆ ಮತ್ತೆ ಮೂವತ್ತು. ಮರ ಅಗಲಕ್ಕೆ ಕುಗ್ಗುವಷ್ಟು ಉದ್ದಕ್ಕೆ ಕುಗ್ಗುವುದಿಲ್ಲ, ಆ ಎಳೆದಾಟದಲ್ಲಿ ಅಂಚಿನ ಜೋಡು ಬಿಡುತ್ತದೆ. ಬೆರಳ ಗೆಣ್ಣಿನಿಂದ ಅಂಚಿನುದ್ದಕ್ಕೂ ತಟ್ಟುತ್ತಾ ಬನ್ನಿ: ಗಟ್ಟಿಯಾಗಿ ಟಕ್ ಟಕ್ ಅನ್ನುತ್ತಿದ್ದುದು ಬಿಟ್ಟ ಜಾಗದಲ್ಲಿ ಪರಪರ ಅನ್ನುತ್ತದೆ. ಕೂಲರ್ ಕೋಣೆಯಿಂದ ವಾದ್ಯವನ್ನು ಮೊದಲು ಎತ್ತಿ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಯ ಒಳಕೋಣೆಯಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಆರ್‌ಸಿಸಿ ಕೋಣೆಗೆ ಹೋಲಿಸಿದರೆ ಏರಿಳಿತ ಅರ್ಧವೂ ಇರಲ್ಲ. ಪೆಟ್ಟಿಗೆಯೊಳಗೆ ತೂತು ಕೊರೆದ ಎರಡು ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜ್ ಇಡಿ, ಒಂದು ಬಿರಡೆಗಳ ಹತ್ತಿರ, ಒಂದು ಸೊಂಟದ ಹತ್ತಿರ. ಪೆಟ್ಟಿಗೆಯ ತೇವಾಂಶ ಶೇ 45 ಕಾಯ್ದುಕೊಂಡರೆ ಸಾಕು. ನಾನ್ನೂರು ರೂಪಾಯಿಯ ತೇವಮಾಪಕ, ಎಂಬತ್ತರ ಡಬ್ಬಿ, ನನಗಾದದ್ದು ಅಷ್ಟೇ ಖರ್ಚು. ಸ್ಪಂಜ್ ಬದಲು ಸುಟ್ಟ ಮಣ್ಣಿನ ಹಣತೆ ನೆನೆಸಿ ಇಟ್ಟರೆ ತೇವ ನಿಧಾನವಾಗಿ ಬಿಡುತ್ತದೆ, ಆದರೆ ವಾರದಲ್ಲಿ ಬೂಸಲು ಬರುತ್ತದೆ.

ಬಿಟ್ಟ ಜೋಡಿಗೆ ತೆಳುವಾದ ಚರ್ಮದ ಅಂಟೇ ಆಗಬೇಕು. ಬಿಸಿನೀರ ಪಾತ್ರೆಯಲ್ಲಿಟ್ಟು ಅರವತ್ತು ಡಿಗ್ರಿಯಲ್ಲಿ ಕರಗಿಸಿ, ಕುದಿಸಿದರೆ ಬಲ ಹೋಗುತ್ತದೆ. ಬಡಿಗೇರರ ಬಿಳಿ ಅಂಟು ಬೇಡವೇ ಬೇಡ: ಜೋಡು ಬಿಡದಿದ್ದರೆ ಹಲಗೆಯೇ ಸೀಳುತ್ತದೆ. ಕೊಪ್ಪಳದ ಕಿನ್ನಾಳ ಗೊಂಬೆ ಕೆಲಸದಲ್ಲಿ ಹುಣಸೆ ಬೀಜದ ಅಂಟು ಬಳಸುತ್ತಾರಲ್ಲ, ಅದನ್ನೂ ಸ್ಪ್ರೂಸ್ (ಚೆಲ್ಲೊದ ಮೇಲ್ಹಲಗೆಯ ಮರ) ಬಿಡಿ ತುಂಡುಗಳ ಮೇಲೆ ಪರೀಕ್ಷಿಸಿದೆ. ಬೇಸಿಗೆಯಲ್ಲಿ ಚೆನ್ನಾಗಿ ಹಿಡಿಯಿತು, ಶ್ರಾವಣದ ತೇವಕ್ಕೆ ಜಾರಿತು.

ಕುದುರೆ ಎರಡು ಇರಲಿ. ಒಣಗಿದಾಗ ತಂತಿ ಫಿಂಗರ್‌ಬೋರ್ಡಿಗೆ ಇಳಿದು ಜರ್ ಅನ್ನುತ್ತದೆ, ಮಳೆಗಾಲದಲ್ಲಿ ಏರಿ ಬೆರಳು ಕೊಯ್ಯುತ್ತದೆ. ಬೇಸಿಗೆಯ ಕುದುರೆ ಮಳೆಗಾಲದ್ದಕ್ಕಿಂತ ಸುಮಾರು ಎರಡು ಮಿಲಿಮೀಟರ್ ಹೆಚ್ಚು ಎತ್ತರ ಇರಲಿ. ಬದಲಿಸುವಾಗ ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದರೆ ಸೌಂಡ್‌ಪೋಸ್ಟ್ (ವಾದ್ಯದೊಳಗೆ ಅಂಟಿಲ್ಲದೆ ನಿಂತಿರುವ ಕಡ್ಡಿ) ಬೀಳಬಹುದು. ಕಮಾನಿನ ಕೂದಲೂ ಬೇಸಿಗೆಗೆ ಕುಗ್ಗುತ್ತದೆ. ಸ್ಕ್ರೂ ಪೂರ್ತಿ ಬಿಚ್ಚಿದರೂ ಕಡ್ಡಿ ಬಿಗಿದೇ ಇದ್ದರೆ ತುದಿ ಮುರಿಯುವ ಅಪಾಯ. ಕೂದಲು ಕಟ್ಟಿಸುವಾಗ ಒಂದಿಷ್ಟು ಉದ್ದ ಬಿಡಲು ಹೇಳಿ.

ಮೀಂಡ್‌ಗೆ ಪಿಟೀಲಿನ ಅಳತೆ ಮರೆತುಬಿಡಿ. 69 ಸೆಂ.ಮೀ. ತಂತಿಯಲ್ಲಿ ಬೆರಳಿಡದ ಷಡ್ಜದಿಂದ ಪಂಚಮದ ಜಾಗಕ್ಕೆ 23 ಸೆಂ.ಮೀ. ದೂರ. ಕೊಬ್ಬರಿ ಎಣ್ಣೆ ಒಂದೇ ತೊಟ್ಟು, ಅದೂ ಬೆರಳಿಗೆ. ಕಮಾನು ಓಡುವ ಜಾಗಕ್ಕೆ ತಗುಲಿದರೆ ರೋಸಿನ್ (ಕಮಾನಿಗೆ ಹಚ್ಚುವ ರಾಳ) ಹಿಡಿಯಲ್ಲ. ಸಂಡೂರು ಕಡೆಯ ಕೆಂಪು ಧೂಳು ಸೇರಿದರೆ ತಂತಿಯ ಮೇಲೆ ಮರಳು ಕಾಗದವೇ ತಯಾರು, ಪ್ರತಿ ಸಲ ಒಣ ಬಟ್ಟೆಯಿಂದ ಒರೆಸಿ.

ತರಬ್ ತಂತಿ (ನುಡಿಸದೆಯೇ ತಾನಾಗಿ ಅನುರಣಿಸುವ ತಂತಿ) ಹಾಕಿ ಎಂದು ಹೇಳುವವರಿದ್ದಾರೆ. ಹಿಂದೂಸ್ತಾನಿ ನುಡಿಸುವ ಡಚ್ ಮೂಲದ ಚೆಲ್ಲೊ ವಾದಕಿ ಸಾಸ್ಕಿಯಾ ರಾವ್-ದೆ ಹಾಸ್ ಅವರ ಇಂಡಿಯನ್ ಚೆಲ್ಲೊದಲ್ಲಿ ಹತ್ತು ತರಬ್ ತಂತಿಗಳಿವೆ, ಆದರೆ ಆ ವಾದ್ಯವನ್ನು ಕಟ್ಟಿದ್ದೇ ಅದಕ್ಕಾಗಿ. ಐವತ್ತು ಸಾವಿರದ ಮಾಮೂಲಿ ಚೆಲ್ಲೊದ ಮೇಲೆ ಅಷ್ಟು ಭಾರ ಹೇರಬೇಡಿ. ನಾನು ಮೂರು ತಂತಿಗಳಲ್ಲಿ ಪ್ರಯತ್ನ ನಡೆಸಿದ್ದೇನೆ, ಪಕ್ಕದ ಹಲಗೆಗೆ ಬೇರೆ ಚೌಕಟ್ಟು ಕೊಟ್ಟು.