ಕಮಟಾಗದ ಶೇಂಗಾಕ್ಕಾಗಿ

ಮಳೆಗಾಲದಲ್ಲಿ ನಮ್ಮ ಅಂಕೋಲೆ ಕಡೆ ಶೇಂಗಾ ಉಳಿಸಿಕೊಳ್ಳುವುದು ಕಷ್ಟ. ಏಪ್ರಿಲ್‌ನಲ್ಲಿ ಕಿತ್ತು, ಒಣಗಿಸಿ, ಸುಲಿದು ಡಬ್ಬಿಗೆ ತುಂಬಿದ ಕಾಳು ಶ್ರಾವಣದ ಹೊತ್ತಿಗೆ ಕಮಟು. ದೊಡ್ಡಮ್ಮ ಪ್ರತಿ ವರ್ಷ ಡಬ್ಬಿಗೆ ಬೈಯುತ್ತಿದ್ದರು. ಬೈಯಬೇಕಾದ್ದು ಎಣ್ಣೆಗೆ ಅಂತ ನನಗೆ ಗೊತ್ತಾಗಿದ್ದು ತಳಿಶಾಸ್ತ್ರ ಓದಲು ಹೋದ ಮೇಲೆ.

ಶೇಂಗಾ ಎಣ್ಣೆಯಲ್ಲಿ ಹೆಚ್ಚಿನ ಪಾಲು ಎರಡು ಕೊಬ್ಬಿನಾಮ್ಲಗಳದ್ದು: ಓಲಿಕ್ ಮತ್ತು ಲಿನೋಲಿಕ್. ಗಾಳಿ ತಾಗಿದರೆ ಲಿನೋಲಿಕ್ ಬೇಗ ಕೆಡುತ್ತದೆ, ಓಲಿಕ್ ತಡೆದುಕೊಳ್ಳುತ್ತದೆ. ಕಾಳಿನೊಳಗೆ ಒಂದು ಕಿಣ್ವ ಇದೆ. ಓಲಿಕ್‌ಗೆ ಇನ್ನೊಂದು ಜೋಡಿ ಬಂಧ ಸೇರಿಸಿ ಲಿನೋಲಿಕ್ ಮಾಡುವುದು ಅದರ ಕೆಲಸ. ಅದನ್ನು ಮಾಡಿಸುವ ಜೀನಿನ ಹೆಸರು ಎಫ್‌ಎಡಿ2. ಶೇಂಗಾ ಎರಡು ಕಾಡುಜಾತಿಗಳ ಮಿಶ್ರಣದಿಂದ ಹುಟ್ಟಿದ ಬೆಳೆ, ಹಾಗಾಗಿ ಈ ಜೀನೂ ಎರಡು ಕಡೆ ಇದೆ, ಎ ಮತ್ತು ಬಿ. ಒಂದು ಕೆಟ್ಟರೆ ಇನ್ನೊಂದು ಕೆಲಸ ಸಾಗಿಸುತ್ತದೆ. ಎರಡೂ ಕೆಡಬೇಕು. ಆಗ ಓಲಿಕ್ ನೂರಕ್ಕೆ 80ರ ಹತ್ತಿರ ಹೋಗುತ್ತದೆ.

ಇಂಥ ಗಿಡ ಮೊದಲು ಸಿಕ್ಕಿದ್ದು ಅಮೆರಿಕದ ಫ್ಲಾರಿಡಾದಲ್ಲಿ, 1987ರಲ್ಲಿ ವರದಿಯಾಯಿತು. ಅದರಿಂದ ಸನ್‌ಒಲಿಕ್ 95ಆರ್ ಎಂಬ ತಳಿ ಬಂತು. ನಮ್ಮಲ್ಲಿ ಅದೇ ಮೂಲದಿಂದ ಗಿರ್ನಾರ್-4, ಗಿರ್ನಾರ್-5 ಬಂದಿವೆ. ಮತ್ತೆ ನಿನಗೇಕೆ ಈ ಉಸಾಬರಿ ಅಂತ ಕೇಳಬಹುದು. ಭತ್ತದ ಗದ್ದೆ ಖಾಲಿಯಾದ ಮೇಲೆ ಉಳಿದ ತೇವದಲ್ಲಿ ಬೆಳೆದು, ಮಳೆ ಬೀಳುವ ಮೊದಲು ಮನೆಗೆ ಬರುವ ಟಿಎಂವಿ-2 ಎಂಬ ತಳಿಯಲ್ಲೇ ಆ ಗುಣ ಬೇಕು ಅನ್ನುವ ಹಠ ನನ್ನದು.

ಅದಕ್ಕೆ ಟಿಎಂವಿ-2ನ್ನು ಹೆಣ್ಣು, ಸನ್‌ಒಲಿಕ್‌ನ್ನು ಗಂಡು ಮಾಡಿಕೊಂಡೆ. ಮಿಶ್ರಣ ಮಾಡುವುದು ಕಣ್ಣಿನ ಕೆಲಸ. ಸಂಜೆ ಮೊಗ್ಗು ಹಿಡಿದು, ಚಿಮುಟದಿಂದ ದಳ ಸರಿಸಿ, ಕೇಸರಗಳನ್ನು ಒಂದೂ ಬಿಡದೆ ಕೀಳಬೇಕು. ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಗಂಡು ತಳಿಯ ಪರಾಗ ಒರೆಸಬೇಕು. ಬಣ್ಣದ ದಾರ ಕಟ್ಟಬೇಕು, ಆ ಗಿಡದ ಬೇರೆ ಹೂವು ದಿನಾ ಚಿವುಟಬೇಕು. ಹೂವಿನ ಬುಡದಿಂದ ಸೂಜಿಯಂಥ ಕಡ್ಡಿ ಮಣ್ಣಿಗೆ ಇಳಿದರೆ ಅರ್ಧ ಗೆದ್ದಂತೆ. ಮೊದಲ ವರ್ಷ 40 ಹೂವಿಗೆ 11 ಕಾಯಿ. ಎಲೆಯ ಡಿಎನ್ಎ ನೋಡಿದರೆ ನಿಜವಾದ ಮಿಶ್ರಣ ಬರೇ 4 ಗಿಡ. ಉಳಿದವು ಟಿಎಂವಿ-2 ತನ್ನಷ್ಟಕ್ಕೆ ತಾನೇ ಹುಟ್ಟಿಸಿಕೊಂಡವು.

ಆ ನಾಲ್ಕು ಗಿಡದಿಂದ 160 ಕಾಳು ಆರಿಸಿಕೊಂಡೆ. ಎಣ್ಣೆಯ ಗುಣವನ್ನು ಒಂದೊಂದು ಕಾಳಲ್ಲೇ ನೋಡಬಹುದು, ಯಾಕೆಂದರೆ ಅದು ತಾಯಿ ಗಿಡದ ಗುಣ ಅಲ್ಲ, ಕಾಳಿನೊಳಗಿನ ಮರಿಯದ್ದು. ಮೊಳಕೆ ಇರುವ ತುದಿ ಬಿಟ್ಟು ಇನ್ನೊಂದು ತುದಿಯಿಂದ ಚೂರು ಕತ್ತರಿಸಿ, ಕೊಬ್ಬಿನಾಮ್ಲ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ ಕಳಿಸಿದರೆ, ಉಳಿದದ್ದನ್ನು ಬಿತ್ತಬಹುದು. ಒಂದೊಂದು ಜೀನು ಪೂರ್ತಿ ಕೆಡುವುದು 4ಕ್ಕೆ 1 ಕಾಳಿನಲ್ಲಿ, ಹಾಗಾಗಿ ಎರಡು ಜೀನೂ ಕೆಟ್ಟ ಕಾಳು 16ಕ್ಕೆ 1. ಲೆಕ್ಕದ ಪ್ರಕಾರ 10 ಬರಬೇಕಿತ್ತು.

ಬಂದದ್ದು 4. ಇನ್ನಷ್ಟು ಕಾಳುಗಳ ಓಲಿಕ್ 60ರ ಆಸುಪಾಸಿನಲ್ಲಿ ನಿಂತಿತ್ತು. ಒಂದು ಜೀನು ಪೂರ್ತಿ ಕೆಟ್ಟು ಇನ್ನೊಂದು ಅರ್ಧ ಕೆಟ್ಟರೂ ಹೀಗೆ ನಡುವೆ ನಿಲ್ಲಬಹುದು. ಹಾಗೇ ಅಂದುಕೊಂಡು ಅವನ್ನೆಲ್ಲ ಒಂದು ಪೊಟ್ಟಣಕ್ಕೆ ತಳ್ಳಿದೆ.

ಒಡೆದ ಕಾಯಿಯ ಸಿಪ್ಪೆಗಳು ಇನ್ನೂ ಗೆರಸಿಯಲ್ಲಿದ್ದವು. ದೊಡ್ಡಮ್ಮ ಒಂದು ಎತ್ತಿ ನೋಡಿದರು. "ತಮಾ, ಇದ್ರ ಒಳ್ಗೆ ಇನ್ನೂ ಬೆಳ್ಳಗೆ ಅದೆ. ಕಿತ್ತದ್ದು ಬೇಗಾಯ್ತು."

ಅಷ್ಟೇ. ಬಲಿತ ಶೇಂಗಾದ ಸಿಪ್ಪೆಯ ಒಳಮೈ ಕಪ್ಪಗಿರುತ್ತದೆ. ಟಿಎಂವಿ-2 ನೆಟ್ಟಗೆ ಗುತ್ತಿಯಾಗಿ ಬೆಳೆದು ಬೇಗ ಬಲಿಯುತ್ತದೆ. ಸನ್‌ಒಲಿಕ್ ಹಬ್ಬುವ ಜಾತಿ, ಅದಕ್ಕೆ ಜಾಸ್ತಿ ದಿನ ಬೇಕು. ಮಿಶ್ರ ಗಿಡವನ್ನೂ ನಾನು ಟಿಎಂವಿ-2ರ ದಿನ ಎಣಿಸಿಯೇ ಕಿತ್ತಿದ್ದೆ. ಎಳೆ ಕಾಳಿನಲ್ಲಿ ಓಲಿಕ್ ಕಡಿಮೆ ಇರುತ್ತದೆ ಅಂತ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡವ ನಾನು!

ಮುಂದಿನ ಹಂಗಾಮಿನಲ್ಲಿ ಪೊಟ್ಟಣದ ಕಾಳನ್ನೂ ಗದ್ದೆಯ ಅಂಚಿಗೆ ಬಿತ್ತಿದೆ. ಎಲೆ ಪರೀಕ್ಷೆಯಲ್ಲಿ 5 ಗಿಡಕ್ಕೆ ಎರಡು ಜೀನೂ ಕೆಟ್ಟಿದ್ದವು. ಸಿಪ್ಪೆ ಒಳಗೆ ಕಪ್ಪಾಗುವ ತನಕ ಕಾದು ಕಿತ್ತೆ. ಓಲಿಕ್ 80ರ ಹತ್ತಿರ ಬಂತು. ಅಂದಿನಿಂದ ಯಂತ್ರದ ಅಂಕೆಗಿಂತ ಮೊದಲು ಸಿಪ್ಪೆ ನೋಡುತ್ತೇನೆ.

ಈಗ ಅವನ್ನು ಮತ್ತೆ ಟಿಎಂವಿ-2 ಜೊತೆ ಮಿಶ್ರಣ ಮಾಡುತ್ತಿದ್ದೇನೆ. ಹಬ್ಬುವ ಗುಣ ಇನ್ನೂ ಪೂರ್ತಿ ಹೋಗಿಲ್ಲ. ಕಳೆದ ಮಳೆಗಾಲ ಒಂದು ಬಾಟಲಿ ಕಾಳು ದೊಡ್ಡಮ್ಮನ ಅಡುಗೆಮನೆಯಲ್ಲಿ ಇಟ್ಟಿದ್ದೆ. ಗಣೇಶ ಚೌತಿಗೆ ತೆಗೆದರೆ ಕಮಟು ಇರಲಿಲ್ಲ. ಆದರೆ ಮುಚ್ಚಳ ಸಡಿಲಾಗಿ ಮೇಲಿನ ಒಂದು ಹಿಡಿ ಕಾಳಿಗೆ ಬೂಷ್ಟು ಹಿಡಿದಿತ್ತು. ಬೂಷ್ಟು ತಡೆಯಲು ಓಲಿಕ್‌ನಿಂದ ಆಗುವುದಿಲ್ಲ, ಅದಕ್ಕೆ ಬಿಸಿಲೇ ಬೇಕು. ಬಾಟಲಿಯಷ್ಟೂ ಕಾಳು ಹೊಂಡಕ್ಕೆ ಹೋಯಿತು. ಈ ಸಲ ದೊಡ್ಡಮ್ಮ ಬೈದಿದ್ದು ನನಗೆ.